ಒಂದು ಬೆರಳಷ್ಟು ಓರೆ

ಯೊನಾಗೊ
ನವೆಂಬರ್ ಒಂಬತ್ತು, ಭಾನುವಾರ

ಇಸಾಮು ಅವರಿಗೆ,

ಚಿಗುಸಾಳ ನಮಸ್ಕಾರ. ಹಕೊದಾತೆಯಲ್ಲಿ ಇಷ್ಟರಲ್ಲಿ ಹಿಮ ಬೀಳಲು ಶುರುವಾಗಿರಬೇಕು. ಇಲ್ಲಿ ದೈಸೆನ್ ಬೆಟ್ಟದ ನೆತ್ತಿ ಮಾತ್ರ ಬೆಳ್ಳಗಾಗಿದೆ, ಊರೊಳಗೆ ಇನ್ನೂ ಬರೀ ಗಾಳಿ. ಹವೆಯ ಮಾತು ಇಷ್ಟು ಸಾಕು. ನಾಲ್ಕು ವರ್ಷ ಬರೆಯದವಳು ಈಗ ಬರೆದಿದ್ದಾಳೆಂದರೆ ಲಕೋಟೆ ಒಡೆಯುವ ಮೊದಲೇ ನೀವು ಕೆಟ್ಟದ್ದನ್ನು ಊಹಿಸಿರುತ್ತೀರಿ. ನಿಮ್ಮ ತಾಯಿ ಇದ್ದಾರೆ. ಈಗ ಪಕ್ಕದ ಕೋಣೆಯಲ್ಲಿ ಕೂತು ಕಾಕಿ ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದಾರೆ. ಸಿಪ್ಪೆ ಮುಗಿದು ಬಹಳ ಹೊತ್ತಾಯಿತು, ಅವರು ಇನ್ನೂ ತೆಗೆಯುತ್ತಲೇ ಇದ್ದಾರೆ. ಹಣ್ಣು ಈಗ ನೆಲ್ಲಿಕಾಯಿಯಷ್ಟಾಗಿದೆ.

ವಿಷಯ ಇದು. ಬರುವ ಗುರುವಾರ ಆಸ್ಪತ್ರೆಯಲ್ಲಿ ನನ್ನನ್ನು ಪ್ರಶ್ನೆ ಕೇಳುತ್ತಾರೆ. ನನ್ನ ಉತ್ತರ ನೋಡಿ ಅತ್ತೆಯ ಔಷಧಿಯನ್ನು ಮುಂದುವರಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಮುಂದುವರಿಸಿದರೆ ಅವರ ಮಿದುಳಿನಲ್ಲಿ ರಕ್ತ ಒಸರಬಹುದು. ನಿಲ್ಲಿಸಿದರೆ ಮರೆವು ತನ್ನ ಪಾಡಿಗೆ ತಾನು ಬರುತ್ತದೆ. ಈ ಉತ್ತರ ಕೊಡುವುದು ನನ್ನಿಂದಾಗದು. ಬುಧವಾರದೊಳಗೆ ನೀವು ಬಂದು, ನನ್ನ ಬದಲು ಆ ಕುರ್ಚಿಯಲ್ಲಿ ಕೂರಬೇಕೆಂದು ಕೇಳಲು ಬರೆಯುತ್ತಿದ್ದೇನೆ.

ಅತ್ತೆ ಎಂದೇ ಬರೆದೆ. ನೀವೂ ನಾನೂ ಬೇರೆಯಾದ ಮೇಲೆ ಅವರನ್ನು ಏನೆಂದು ಕರೆಯಬೇಕೆಂದು ಯಾರೂ ಹೇಳಲಿಲ್ಲ, ನಾನೂ ಹುಡುಕಲಿಲ್ಲ. ಅವರೇ, ಹಿಂದಿನ ಕೋಣೆಯಲ್ಲಿ ಇರು, ಎಲ್ಲಿಗೆ ಹೋಗ್ತೀಯ ಎಂದರು. ಇದ್ದೆ.

ಮರೆವಿನ ರೋಗದ ಹೊಸ ಮದ್ದನ್ನು ಪರೀಕ್ಷಿಸುವ ಗುಂಪಿಗೆ ಸೇರಿದ್ದನ್ನು ಅವರೇ ನಿಮಗೆ ಫೋನಿನಲ್ಲಿ ತಿಳಿಸಿದರಂತೆ. ನೀವು ಒಳ್ಳೆಯದು ಎಂದಿರಂತೆ. ಮೊದಲ ಒಂದೂವರೆ ವರ್ಷ ಯಾರ ತೋಳಿಗೆ ಮದ್ದು ಹೋಗುತ್ತಿದೆ, ಯಾರಿಗೆ ಬರೀ ಉಪ್ಪುನೀರು ಎಂಬುದು ವೈದ್ಯರಿಗೂ ಗೊತ್ತಿರಲಿಲ್ಲ. ಈ ವಸಂತದಿಂದ ಎಲ್ಲರಿಗೂ ನಿಜವಾದ ಮದ್ದು. ತಿಂಗಳಿಗೊಮ್ಮೆ ಹೋಗುತ್ತೇವೆ. ಒಂದು ಕೋಣೆಯಲ್ಲಿ ಅತ್ತೆಗೆ ಪದಗಳನ್ನು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ನೆನಪಿದೆಯೇ ಎಂದು ಕೇಳುತ್ತಾರೆ. ಇನ್ನೊಂದರಲ್ಲಿ ಕುಗಾ ಎಂಬ ಹೆಂಗಸು ನನ್ನನ್ನು ಕೂರಿಸಿಕೊಂಡು ಅತ್ತೆಯ ದಿನಚರಿ ಕೇಳುತ್ತಾರೆ. ಅಡುಗೆ ಮಾಡುತ್ತಾರೆಯೇ, ಹಳೆಯ ಕೆಲಸದ ಕೈಚಳಕ ಉಳಿದಿದೆಯೇ, ದಾರಿ ತಪ್ಪುತ್ತದೆಯೇ, ಮದ್ದಿನಿಂದ ತೊಂದರೆ ಏನಾದರೂ ಇದೆಯೇ. ರೋಗಿಯ ಮಾತಿಗಿಂತ ಜೊತೆಯಲ್ಲಿ ಬದುಕುವವರ ಮಾತಿಗೆ ಅಲ್ಲಿ ತೂಕ ಹೆಚ್ಚು. ರೋಗಿ ಮರೆತಿರುತ್ತಾರಲ್ಲ.

ಅಲ್ಲೇ ತಪ್ಪಾದದ್ದು. ಮೋಸ ಮಾಡಬೇಕೆಂದು ನಾನು ಹೊರಟಿರಲಿಲ್ಲ, ಅಭ್ಯಾಸಬಲದಿಂದ ಆಯಿತು. ನಮ್ಮವರನ್ನು ಹೊರಗಿನವರ ಮುಂದೆ ಇಳಿಸಿಯೇ ಮಾತಾಡಬೇಕು, ಹೊಗಳಿಕೆ ಏನಿದ್ದರೂ ಪರರಿಗೆ ಎಂಬ ಮರ್ಯಾದೆಯನ್ನು ನಾನು ನಿಮ್ಮ ಮನೆಯಲ್ಲೇ ಚೆನ್ನಾಗಿ ಕಲಿತವಳು.

ನೀವು ಶಾಲೆಗೇ ಮೊದಲಿಗರಾಗಿ ಬಂದ ದಿನ ಅತ್ತೆ ತಮ್ಮ ಕ್ಷೌರದಂಗಡಿಯಲ್ಲಿ ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುತ್ತಾ, ನಮ್ಮ ದಡ್ಡ ಮಗ ಕಣ್ಣು ಮುಚ್ಚಿಕೊಂಡು ಬರೆದಿರಬೇಕು ಎಂದರಂತೆ. ನೀವೇ ನಗುತ್ತಾ ಹೇಳಿದ್ದಿರಿ. ಮದುವೆಯಾದ ಹೊಸದರಲ್ಲಿ ನಿಮ್ಮ ಕಚೇರಿಯವರು ಊಟಕ್ಕೆ ಬಂದಾಗ ನೀವು ನನ್ನನ್ನು ತೋರಿಸಿ, ಇವಳಿಗೆ ಅನ್ನ ಮಾಡಲೂ ಬರುವುದಿಲ್ಲ, ಕ್ಷಮಿಸಬೇಕು ಎಂದಿರಿ. ಬೆಳಗಿನಿಂದ ಒಲೆಯ ಮುಂದಿದ್ದ ನನಗೆ ಅದು ಎಷ್ಟು ಹಿತವಾಗಿ ಕೇಳಿಸಿತ್ತು ಎಂದು ಆಗ ಹೇಳಲಿಲ್ಲ. ಕೊನೆಯಲ್ಲಿ ವಕೀಲರ ಮುಂದೆ ನೀವು ನನ್ನ ಬಗ್ಗೆ, ಚಿಗುಸಾ ಅವರು ಬಹಳ ಒಳ್ಳೆಯವರು, ತಾಳ್ಮೆಯವರು ಎಂದಿರಿ. ಎಲ್ಲ ಮುಗಿಯಿತೆಂದು ನನಗೆ ತಿಳಿದದ್ದು ಆ ಹೊಗಳಿಕೆಯಿಂದಲೇ, ಸಹಿಯಿಂದಲ್ಲ.

ಈಗ ಕುಗಾ ಅವರ ಮುಂದೆ ನಾನು ಯಾರ ಪರವಾಗಿ ಮಾತಾಡಲಿ? ಸೊಸೆಯಾಗಿದ್ದರೆ, ನಮ್ಮ ಮುದುಕಿಗೆ ಏನೂ ತಿಳಿಯುವುದಿಲ್ಲ, ನಿಮಗೆಲ್ಲ ತೊಂದರೆ ಎಂದು ತಲೆಬಾಗಿಸಬಹುದಿತ್ತು. ಆ ಮಾತಿಗೆ ನನಗೆ ಹಕ್ಕಿಲ್ಲ. ಬೇರೆಯವರ ತಾಯಿಯ ಬಗ್ಗೆ, ಅದೂ ತಮ್ಮ ಸೂರಿನಡಿ ನನ್ನನ್ನು ಇರಲು ಬಿಟ್ಟವರ ಬಗ್ಗೆ, ಅಪರಿಚಿತರ ಮುಂದೆ ಕುಂದು ಹೇಳಲು ನಾಲಿಗೆ ಏಳುವುದಿಲ್ಲ. ಅಡುಗೆ ಮಾಡುತ್ತಾರೆಯೇ ಎಂದರೆ, ಅವರ ಕೈರುಚಿ ಹಾಗೇ ಇದೆ ಎಂದೆ. ಮೀನು ಎರಡು ಸಲ ಕರಕಾದದ್ದನ್ನು ಹೇಳಲಿಲ್ಲ. ದಾರಿ ತಪ್ಪುತ್ತದೆಯೇ ಎಂದರೆ, ಊರಲ್ಲಿ ಎಲ್ಲರೂ ಅವರಿಗೆ ಗೊತ್ತು ಎಂದೆ. ಅದು ಸುಳ್ಳೂ ಅಲ್ಲ, ಉತ್ತರವೂ ಅಲ್ಲ. ಕುಗಾ ಅವರು ಬರೆದುಕೊಂಡರು. ಬೇಸಿಗೆಯಲ್ಲಿ ಡಾಕ್ಟರ್ ಮೊಮೊಸೆ, ಈ ಗುಂಪಿನಲ್ಲಿ ಮನೆಯಲ್ಲಿ ಇಷ್ಟು ಚೆನ್ನಾಗಿರುವವರು ಕಡಿಮೆ, ಮದ್ದು ಇವರಿಗೆ ಹಿಡಿದಿದೆ ಎಂದರು. ಅತ್ತೆ ತಲೆಬಾಗಿಸಿದರು. ನಾನೂ ಬಾಗಿಸಿದೆ. ಮನೆಗೆ ಬರುವಷ್ಟರಲ್ಲಿ ನಾನೂ ಅದನ್ನು ನಂಬಿದ್ದೆ.

ಕೂದಲಿನ ಮಾತು ಹೇಳಬೇಕು. ಅಂಗಡಿ ಮುಚ್ಚಿದ ಮೇಲೆ ಕ್ಷೌರದ ಕತ್ತಿಗಳನ್ನು ನಾನು ಎತ್ತಿಟ್ಟೆ. ಕತ್ತರಿಯನ್ನು ಮಾತ್ರ ಅವರು ಬಿಡಲಿಲ್ಲ. ಪ್ರತಿ ಸಲ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ನನ್ನನ್ನು ಆ ಹಳೆಯ ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಬಟ್ಟೆ ಕಟ್ಟಿ ಕೂದಲು ಕತ್ತರಿಸುತ್ತಾರೆ. ಕೆದರಿದ ತಲೆ ಹೊತ್ತು ನೀನು ಜೊತೆಗೆ ಬಂದರೆ ಅಂಗಡಿಯ ಮಾನ ಏನಾಗಬೇಕು ಎನ್ನುತ್ತಾರೆ. ಮೊದಲು ಚೆನ್ನಾಗಿಯೇ ಕತ್ತರಿಸುತ್ತಿದ್ದರು. ಕಳೆದ ಚಳಿಗಾಲದಿಂದ ಎಡಗಡೆ ಒಂದು ಬೆರಳಷ್ಟು ಓರೆಯಾಗತೊಡಗಿತು. ಎಡಗಿವಿಯ ಹತ್ತಿರ ಬಂದಾಗ ಕೈ ನಿಲ್ಲುತ್ತದೆ. ಮುಂದೇನೆಂದು ಯೋಚಿಸುವಂತೆ ಕತ್ತರಿ ಗಾಳಿಯಲ್ಲೇ ಎರಡು ಸಲ ಆಡುತ್ತದೆ, ಆಮೇಲೆ ಎಲ್ಲೋ ಇಳಿಯುತ್ತದೆ. ಒಮ್ಮೆ ಕಿವಿಯ ತುದಿ ಸಿಕ್ಕಿತು. ಬಟ್ಟೆಯ ಮೇಲೆ ಬಿದ್ದ ರಕ್ತ ನೋಡಿ, ಇದು ಯಾರದು ಎಂದರು.

ಅದೇ ಸಂಜೆ ನಾನು ರೈಲು ಹತ್ತಿ ಮತ್ಸುಯೆಗೆ ಹೋದೆ. ಈ ಊರಿನ ಅಂಗಡಿಗೆ ಹೋದರೆ ಸುದ್ದಿ ಅತ್ತೆಯ ಕಿವಿಗೆ ಬೀಳುತ್ತದಲ್ಲ. ಅಲ್ಲಿನ ಹುಡುಗಿ ಏನೂ ಕೇಳದೆ ಎರಡೂ ಕಡೆ ಸಮ ಮಾಡಿಕೊಟ್ಟಳು. ಅಂದಿನಿಂದ ಪ್ರತಿ ತಿಂಗಳೂ ಹೀಗೇ. ಬೆಳಿಗ್ಗೆ ಅತ್ತೆ ಕತ್ತರಿಸುತ್ತಾರೆ, ಸಂಜೆ ಮತ್ಸುಯೆಯ ಹುಡುಗಿ ಸರಿಪಡಿಸುತ್ತಾಳೆ, ಮರುದಿನ ಕುಗಾ ಅವರು ನನ್ನ ತಲೆ ನೋಡಿ, ಎಷ್ಟು ಅಂದವಾಗಿ ಕತ್ತರಿಸುತ್ತಾರೆ ನಿಮ್ಮ ಅತ್ತೆ ಎಂದು ಹೇಳಿ ಬರೆದುಕೊಳ್ಳುತ್ತಾರೆ. ಹಳೆಯ ಕೆಲಸದ ಕೈಚಳಕ: ಉಳಿದಿದೆ.

ಹೋದ ತಿಂಗಳು ಮಿದುಳಿನ ಚಿತ್ರದಲ್ಲಿ ಒಂದು ಕಪ್ಪು ಚುಕ್ಕೆ ಕಾಣಿಸಿತು. ಎಳ್ಳಿನಷ್ಟು. ಮಿದುಳಿಗೆ ಕಟ್ಟಿದ ಕೊಳೆಯನ್ನು ಮದ್ದು ಕೀಳುವಾಗ ಕೆಲವರಲ್ಲಿ ರಕ್ತನಾಳ ಒಸರುತ್ತದೆ, ಅದರ ಗುರುತು ಇದು ಎಂದರು ಮೊಮೊಸೆ. ತೊಂದರೆ ಇಲ್ಲದಿದ್ದರೆ ಕಣ್ಣಿಟ್ಟುಕೊಂಡು ಮುಂದುವರಿಯಬಹುದು. ತಲೆನೋವು, ತಲೆಸುತ್ತು, ವಾಂತಿ ಇದ್ದರೆ ನಿಲ್ಲಿಸಲೇಬೇಕು, ಇಲ್ಲದಿದ್ದರೆ ಇನ್ನೊಂದು ದೊಡ್ಡದು ಬರಬಹುದು. ಹೀಗೆ ಹೇಳಿ ಅತ್ತೆಯ ಕಡೆ ತಿರುಗಿದರು. ಏನೂ ಇಲ್ಲ ಡಾಕ್ಟ್ರೇ, ಎಲ್ಲ ನಿಮ್ಮ ದಯೆ ಎಂದರು ಅತ್ತೆ, ಹಬ್ಬದ ದಿನ ಗಿರಾಕಿಯನ್ನು ಬೀಳ್ಕೊಡುವ ದನಿಯಲ್ಲಿ. ವೈದ್ಯರ ಕಣ್ಣು ನನ್ನ ಕಡೆ ಬಂತು. ನಾನು ಹೌದೆಂದು ತಲೆಯಾಡಿಸಿದೆ.

ನಿಜವೆಂದರೆ ಅತ್ತೆ ಬೆಳಗಿನ ಹೊತ್ತು ಒದ್ದೆ ಬಟ್ಟೆಯನ್ನು ಹಣೆಗೆ ಒತ್ತಿಕೊಂಡು ಕೂರುತ್ತಾರೆ. ಅಂಗಡಿಯಿಂದ ಅಡುಗೆಮನೆಗೆ ಗೋಡೆ ಹಿಡಿದು ಬರುತ್ತಾರೆ. ಒಮ್ಮೆ ವಾಂತಿಯಾಯಿತು, ಮೀನು ಹಳಸಿತ್ತು ಎಂದು ತಪ್ಪನ್ನು ಮೀನಿನ ಮೇಲೆ ಹಾಕಿದರು. ಮೀನನ್ನು ನಾನೇ ಆ ಬೆಳಿಗ್ಗೆ ತಂದಿದ್ದೆ. ಈ ಮೂರು ವಾರದಿಂದ ನಾನು ಎದ್ದ ಕೂಡಲೇ ಅವರ ಬಾಗಿಲ ಹತ್ತಿರ ನಿಂತು ಒಳಗಿನ ಕೆಮ್ಮಿಗೆ ಕಾಯುತ್ತೇನೆ. ಕೆಮ್ಮು ಕೇಳಿಸಿದ ಮೇಲೆ ಅನ್ನಕ್ಕಿಡುತ್ತೇನೆ. ನನ್ನ ಕಚೇರಿಯಲ್ಲಿ ಫೋನು ಗುಣುಗುಟ್ಟಿದರೆ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತದೆ. ಸಾಮಾನ್ಯವಾಗಿ ಅದು ಹಾಲಿನ ಅಂಗಡಿಯವರದು.

ಕಳೆದ ಮಂಗಳವಾರ ಒಗೆದ ಟವೆಲುಗಳನ್ನು ಮಡಚುತ್ತಾ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು.

“ಅಲ್ಲಿ ಆ ಹೆಂಗಸಿನ ಹತ್ರ ನನ್ನ ಬಗ್ಗೆ ಏನು ಹೇಳ್ತೀಯೆ?”

“ಚೆನ್ನಾಗಿದ್ದೀರಿ ಅಂತ ಹೇಳ್ತೀನಿ, ಅತ್ತೆ.”

“ಓಹೋ. ಪಕ್ಕದ ಮನೆ ನಾಯೀನೂ ಜನ ಹಾಗೇ ಹೊಗಳ್ತಾರೆ.”

ಟವೆಲು ಮಡಚುವುದನ್ನು ಮುಂದುವರಿಸಿದರು. ಅವರು ಅದನ್ನು ಅರ್ಥವಿಟ್ಟು ಹೇಳಿದರೋ, ಬಾಯಿಗೆ ಬಂದದ್ದೋ, ನಾನು ಇನ್ನೂ ಯೋಚಿಸುತ್ತಿದ್ದೇನೆ.

ಆದ್ದರಿಂದ ನೀವು ಬನ್ನಿ. ನೀವು ಮಗ. ನಮ್ಮ ತಾಯಿ ಕೆಲಸಕ್ಕೆ ಬಾರದವಳಾಗಿದ್ದಾಳೆ ಎಂದು ನೀವು ಹೇಳಿದರೆ ಅದು ವಿನಯವಾಗುತ್ತದೆ, ಈ ಸಲ ನಿಜವೂ ಆಗುತ್ತದೆ. ಒಂದು ದಿನ ಜೊತೆಗಿದ್ದರೆ ಸಾಕು, ನಿಮಗೆ ಎಲ್ಲ ಕಾಣುತ್ತದೆ. ಮದ್ದು ನಿಂತರೆ ನಿಂತಿತು. ಮಗನ ಬಾಯಿಂದ ನಿಲ್ಲಲಿ.

ಇನ್ನೊಂದನ್ನು ಬರೆಯಬೇಕೋ ಬೇಡವೋ ಎಂದು ಈ ಹಾಳೆಯನ್ನು ಒಮ್ಮೆ ಮಡಚಿ ಮತ್ತೆ ತೆರೆದೆ. ಮದ್ದು ನಿಲ್ಲಬಾರದೆಂದು ನನಗೆ ಆಸೆ ಇದೆ. ರೋಗದ ದಾರಿಯನ್ನು ಕುಗಾ ಅವರು ಹೇಳಿದ್ದಾರೆ: ಹೊಸದು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ. ನೀವು ಹಳಬರು, ಅವರ ನೆನಪಿನಲ್ಲಿ ಬಹಳ ಕಾಲ ಉಳಿಯುತ್ತೀರಿ. ನಾನು ಈ ಮನೆಗೆ ತಡವಾಗಿ ಬಂದವಳು. ನನ್ನನ್ನು ಸೊಸೆಯೆಂದು ಇಟ್ಟುಕೊಂಡಿರುವ ತಲೆ ಲೋಕದಲ್ಲಿ ಅದೊಂದೇ. ಆ ತಲೆಯ ಬಗ್ಗೆ ನಾನು ಹೇಳುವ ಸಾಕ್ಷಿ ಎಷ್ಟು ನಿಷ್ಪಕ್ಷಪಾತ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಹಾಸಿಗೆ ನಿಮ್ಮ ಹಳೆಯ ಕೋಣೆಯಲ್ಲೇ ಹಾಕಿರುತ್ತೇನೆ. ನಿಮಗೆ ಮುಜುಗರವಾದರೆ ನಾನು ಆ ದಿನಗಳಲ್ಲಿ ನನ್ನ ತಂಗಿಯ ಮನೆಯಲ್ಲಿರುತ್ತೇನೆ.

ಉತ್ತರಕ್ಕಿಂತ ನೀವು ಬರುವುದನ್ನೇ ಕಾಯುತ್ತಿರುವ,
ಚಿಗುಸಾ

ಹಾಳೆಯ ಹಿಂದುಗಡೆ, ಗುರುವಾರ ಮಧ್ಯಾಹ್ನ, ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣದಲ್ಲಿ:

ಸೋಮವಾರ ತುರ್ತು ಅಂಚೆಗೆ ಹಾಕಬೇಕಿದ್ದ ಪತ್ರ ಇನ್ನೂ ನನ್ನ ಚೀಲದಲ್ಲಿದೆ. ನಿನ್ನೆ ಬೆಳಿಗ್ಗೆ ಅತ್ತೆ ಕೂದಲು ಕತ್ತರಿಸಿದರು. ಸಂಜೆ ಸ್ಟೇಷನ್ನಿನವರೆಗೆ ಹೋದೆ. ಮತ್ಸುಯೆಯ ರೈಲು ಬಂತು, ಹೋಯಿತು. ಇವತ್ತು ಅದೇ ತಲೆಯಲ್ಲಿ ಕುಗಾ ಅವರ ಮುಂದೆ ಕೂತು ಟೋಪಿ ತೆಗೆದೆ. ಅವರು ನೋಡಿ ಪೆನ್ನು ಕೆಳಗಿಟ್ಟರು. ಆಮೇಲೆ ಹೇಳುವುದು ಕಷ್ಟವಾಗಲಿಲ್ಲ. ಒದ್ದೆ ಬಟ್ಟೆ, ಗೋಡೆ, ವಾಂತಿ, ಮೀನು, ಕಿವಿ, ಮತ್ಸುಯೆಯ ಹುಡುಗಿ, ಎಲ್ಲ ಹೇಳಿದೆ. ಅವರು ಇಷ್ಟು ದಿನ ಬರೆದುಕೊಂಡದ್ದಕ್ಕೆಲ್ಲ ಬೆಲೆಯಿಲ್ಲದಂತಾಯಿತು, ಅದಕ್ಕೆ ಅವರು ನನ್ನನ್ನು ಬೈಯಲಿಲ್ಲ. ಮೊಮೊಸೆ ಇವತ್ತಿನ ಡ್ರಿಪ್ ಹಾಕಲಿಲ್ಲ. ಸೋಮವಾರ ಮತ್ತೆ ಚಿತ್ರ ತೆಗೆಯುತ್ತಾರೆ. ಮದ್ದನ್ನು ಪುನಃ ಶುರು ಮಾಡುವ ಮಾತು ಅವರ ಬಾಯಲ್ಲಿ ಬರಲಿಲ್ಲ.

ಲಿಫ್ಟಿನ ಕನ್ನಡಿಯಲ್ಲಿ ಅತ್ತೆ ನನ್ನ ತಲೆ ನೋಡಿದರು. ಹತ್ತಿರ ಬಂದು, ಎಡಗಿವಿಯ ಮೇಲೆ ಬೆರಳಿಟ್ಟು ಅಳೆದರು.

“ಯಾರೇ ಇದನ್ನ ಕತ್ತರಿಸಿದ್ದು? ದುಡ್ಡು ಬೇರೆ ಕೊಟ್ಟೆಯಾ?”

“ನಮ್ಮನೆ ಮುದುಕಿ, ಅತ್ತೆ. ಕೈ ಕೆಟ್ಟುಹೋಗಿದೆ, ಹೇಳಿದ್ರೆ ಕೇಳಲ್ಲ.”

ನಕ್ಕರು. ಅವರು ಹಾಗೆ ನಕ್ಕು ಬಹಳ ದಿನವಾಗಿತ್ತು.

“ಹೋಗ್ಲಿ ಬಿಡು. ನಾಳೆ ನನ್ನ ಹತ್ರ ಬಾ, ನಾನು ಸರಿಮಾಡ್ತೀನಿ.”

ನಾಳೆ ಕೂರುತ್ತೇನೆ. ಈಗ ನೀವು ಉತ್ತರ ಹೇಳಲು ಬರಬೇಕಾಗಿಲ್ಲ. ಆದರೂ ಬನ್ನಿ. ಬಂದಾಗ ನನ್ನ ತಲೆ ನೋಡಿ ಏನಾದರೂ ಅನ್ನಬೇಕೆನಿಸಿದರೆ, ದಯವಿಟ್ಟು ಹೊಗಳಬೇಡಿ.