ಊಟದ ಸಾಲಿನಲ್ಲಿ ಎದ್ದ ಹಾಡು

ಜಾರ್ಜಿಯಾ, ಅಮೆರಿಕ, ೮ ಅಕ್ಟೋಬರ್ ೧೯೭೦, ಗುರುವಾರ

ಕಣ್ಣು ಮುಚ್ಚಿದರೆ ಇನ್ನೂ ಆ ಹಾಡೇ. ನಮ್ಮ ಕರಿಯರ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಬಿಳಿಯರ ಶಾಲೆಗೆ ಸೇರಿಸಿದ ಮೇಲೆ, ಅಷ್ಟು ವರ್ಷ ಸಂಗೀತ ಕಲಿಸಿದ ನನಗೆ ಊಟದ ಸಾಲು ಕಾಯುವ ಕೆಲಸ. ಇವತ್ತು ಆ ಸಾಲಿನಲ್ಲಿ ನನ್ನ ಹಳೆಯ ಶಿಷ್ಯೆ ಲವೋನಿಯಾ ನಮ್ಮ ಹಳೆಯ ಶಾಲೆಯ ಹಾಡನ್ನು ಮೆಲ್ಲಗೆ ಗುನುಗಿದಳು. ನಮ್ಮ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ದನಿಗೂಡಿಸಿದರು. ಸಾರಿನ ಹಬೆಯಲ್ಲಿ ಗೋಡೆಗಳೇ ಕರಗಿ, ಮತ್ತೆ ನಮ್ಮ ಹಾಡಿನ ಕೋಣೆಯಲ್ಲಿ ನಿಂತಂತಾಯಿತು.

"ವರ್ಡೆಲ್, ಅವರ ಬಾಯಿ ಮುಚ್ಚಿಸು," ಎಂದು ನನ್ನತ್ತ ತಿರುಗಿ ಹೇಳಿದರು ಬಿಳಿಯ ಹೆಡ್‌ಮಾಸ್ತರರು.

"ನಿಲ್ಲಿಸ್ಬೇಕಾ ಟೀಚರ್?" ಲವೋನಿಯಾ ಕೇಳಿದಳು.

"ಶ್ರುತಿ ಇಳೀತಿದೆ ಕಣೇ. ಎತ್ತಿ ಹಾಡು," ಎಂದೆ. ಎಂದವಳು ನಾನೇನಾ? ಆಮೇಲೆ ಕೆಳಗಿನ ಸ್ವರ ಹಿಡಿದು ನಾನೂ ಸೇರಿಕೊಂಡೆ.

ನಾಳೆ ಬೆಳಿಗ್ಗೆ ಹೆಡ್‌ಮಾಸ್ತರರು ಆಫೀಸಿಗೆ ಬರಹೇಳಿದ್ದಾರೆ. ಕೆಲಸ ಹೋಗಬಹುದು. ಭಯ ಬಂದೀತೆಂದು ಕಾಯುತ್ತಿದ್ದೇನೆ, ಬರುತ್ತಿರುವುದು ನಿದ್ದೆ