ಉತ್ತರದ ಗೋಡೆಗೆ ಒರಗಿದ ಕಲ್ಲು

ಅಪ್ಪರ್ ಮಾರ್ಲ್, ಸಫೊಕ್
ಮಂಗಳವಾರ, 6 ಸೆಪ್ಟೆಂಬರ್ 2011

ನನ್ನ ಮುದ್ದು ಹೆಸ್ಟರ್‌ಗೆ ವಿಲ್ಫ್ ಮಾವನ ಆಶೀರ್ವಾದಗಳು.

ನಿನ್ನ ಕಾಗದವೂ ಅದರ ಜತೆಗಿದ್ದ ವಂಶವೃಕ್ಷವೂ ತಲುಪಿದವು. ಚೆನ್ನಾಗಿ ಹುಡುಕಿದ್ದೀಯೆ. ನನ್ನ ಕೊಂಬೆ ಮಾತ್ರ ಗಿಡ್ಡವಾಯಿತು. ಏಳು ವರ್ಷ ಕುಂಬಳಕಾಯಿ ಸ್ಪರ್ಧೆ ಗೆದ್ದವನಿಗೆ ಅಷ್ಟೇನಾ ಜಾಗ?

ಈಗ ನಿನ್ನ ಪ್ರಶ್ನೆ. 1953ರಲ್ಲಿ ತೀರಿಕೊಂಡ ನಮ್ಮಮ್ಮ, ಅಂದರೆ ನಿನ್ನ ಅಜ್ಜಿ ಐವಿ, ಚರ್ಚಿನ ಹಳೆಯ ನಕ್ಷೆಯಲ್ಲಿ ಯೂ ಮರದ ಕೆಳಗಿದ್ದಾಳೆ. ಅವಳ ಗೋರಿಗಲ್ಲು ಮಾತ್ರ ಹಿಂದುಗಡೆ ಉತ್ತರದ ಗೋಡೆಗೆ ಒರಗಿದೆ, ಯಾಕೆ ಎಂದು ಕೇಳಿದ್ದೀಯೆ. ಶನಿವಾರ ನಿನ್ನ ಅಮ್ಮನ ಬೂದಿಯನ್ನು ಯೂ ಮರದ ಕೆಳಗೇ, ಅಜ್ಜಿಯ ಜತೆ ಇಡಿಸುತ್ತೇನೆ ಎಂದು ಬರೆದಿದ್ದೀಯೆ. ಬೇಡ ಮಗಳೇ. ಕಲ್ಲಿರುವಲ್ಲಿ ಇಡಿಸು.

ನೀನು ನಕ್ಷೆ ನಂಬುವವಳು, ಕಾರಣ ಹೇಳದೆ ಒಪ್ಪುವುದಿಲ್ಲ.

ಕಲ್ಲು ಸರಿಸಿದವನು ನಾನೇ. 1974ರಲ್ಲಿ, ಹುಲ್ಲು ಕೊಯ್ಯಲು ಅಡ್ಡಿಯೆಂದು, ಕಲ್ಲುಗಳನ್ನೆಲ್ಲ ಕಿತ್ತು ಗೋಡೆಗೆ ಒರಗಿಸಲು ಪಾದ್ರಿ ಹೇಳಿದರು. ಎಂಬತ್ತಮೂರು ಕಲ್ಲು, ಒಂದು ಟ್ರ್ಯಾಕ್ಟರು, ಎರಡೇ ದಿನ. ಜಿಲ್ಲೆಯಲ್ಲಿ ಇನ್ನೊಬ್ಬನಿಂದ ಆಗುತ್ತಿರಲಿಲ್ಲ. ಆಮೇಲೆ ನೋಡಿದರೆ ಯಾರ ಕಲ್ಲೂ ಅವರವರ ಸಾಲಿನಲ್ಲಿರಲಿಲ್ಲ. ಪಬ್ಬಿನಲ್ಲಿ ಮುದುಕ ಗೋಡಾರ್ಡ್, "ಏನೋ ವಿಲ್ಫ್, ನನ್ ಹೆಂಡ್ತೀನ ಹೋಗಿ ಕಟುಕನ ಪಕ್ಕ ನಿಲ್ಸಿದ್ದೀಯಲ್ಲೋ" ಎಂದು ಹಂಗಿಸಿದ. "ಬದುಕಿದ್ದಾಗ್ಲೂ ಒಳ್ಳೇ ತುಂಡು ಅವಳಿಗೇ ಎತ್ತಿಡ್ತಿದ್ದ, ಬೇಜಾರು ಮಾಡ್ಕೊಳಲ್ಲ ಬಿಡಜ್ಜ" ಎಂದೆ. ಊರು ನನ್ನನ್ನು ಕುಡುಕ ಎಂದಿತು. ನಗುತ್ತ ಒಪ್ಪಿಕೊಂಡೆ.

ಒಂದೇ ಕಲ್ಲು ತಪ್ಪಿದ್ದರೆ ಜನ ಯಾಕೆ ಎಂದು ಕೇಳುತ್ತಾರೆ. ಎಲ್ಲವೂ ತಪ್ಪಿದರೆ ಬೈದು ಸುಮ್ಮನಾಗುತ್ತಾರೆ. ಎಂಬತ್ತೆರಡು ಕಲ್ಲು ಅದಲುಬದಲಾದದ್ದು ನಮ್ಮಮ್ಮನ ಆ ಒಂದು ಕಲ್ಲಿಗಾಗಿ.

ಉತ್ತರದ ಗೋಡೆಯ ಬುಡ ದೀಕ್ಷಾಸ್ನಾನವಾಗದೆ ಸತ್ತ ಕೂಸುಗಳನ್ನು ಹೂಳುವ ಜಾಗ. ಅವಕ್ಕೆ ಕಲ್ಲಿಲ್ಲ, ನೀನು ಹುಡುಕಿದ ಚರ್ಚಿನ ದಾಖಲೆ ಪುಸ್ತಕದಲ್ಲಿ ಹೆಸರೂ ಇಲ್ಲ. 1963ರ ಜನವರಿಯಲ್ಲಿ ನಿನ್ನ ಅಮ್ಮ ಡಲ್ಸಿಗೆ ಹದಿನೆಂಟು. ಮದುವೆಯಾಗಿರಲಿಲ್ಲ. ರಾತ್ರಿ ಹುಟ್ಟಿದ ಕೂಸು ಅಳಲೇ ಇಲ್ಲ. ಬೆಳಗ್ಗೆ ಅಪ್ಪ ಹಾಲು ಕರೆಯಲು ಹೋಗಿದ್ದಾಗ ನಾನು ಬೂಟಿನ ಪೆಟ್ಟಿಗೆಯೊಂದನ್ನು ಕೋಟಿನೊಳಗೆ ಅವುಚಿಕೊಂಡು ಹೊರಟೆ. ವಾಪಸು ಬಂದಾಗ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎಲ್ಲಿ ಎಂದು ಕೇಳಲಿಲ್ಲ, ನಾನು ಹೇಳಲಿಲ್ಲ. ಮಾತಿನ ಮಲ್ಲ ಎನಿಸಿಕೊಂಡವನಿಗೆ ಹನ್ನೊಂದು ವರ್ಷ ಆ ಒಂದು ಮಾತು ಬಾಯಿಗೆ ಬರಲಿಲ್ಲ.

ಆದರೆ ಅಲ್ಲಿ ಹುಲ್ಲು ಕೊಯ್ಯುವವನು ನಾನು. ಇಬ್ಬನಿ ಹೆಪ್ಪುಗಟ್ಟಿದ ಬೆಳಗುಗಳಲ್ಲಿ ಅಂಗಳವೆಲ್ಲ ಬೆಳ್ಳಗಾದರೂ ಆ ಜಾಗದಲ್ಲಿ ಮೊಳದಷ್ಟು ಹುಲ್ಲು ಹಸಿರಾಗಿಯೇ ಇರುತ್ತಿತ್ತು, ಯಾರೋ ಈಗತಾನೇ ಮಲಗಿ ಎದ್ದ ಹಾಗೆ. ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಈ ವರ್ಷವೂ ಇತ್ತು.

ಡಲ್ಸಿಗೆ ಅಲ್ಲಿ ಹೋಗಿ ಕೂರಲು ಯಾರೂ ಪ್ರಶ್ನಿಸದ ನೆಪ ಬೇಕಿತ್ತು. ಕಲ್ಲು ಸರಿಸಿದ ಮರುವರ್ಷದ ತಾಯಂದಿರ ಭಾನುವಾರ ಅವಳು ನೇರಳೆ ಬಣ್ಣದ ಹೂ ಹಿಡಿದು ಬಂದಳು. ನಾಲ್ಕು ವರ್ಷದ ನೀನೂ ಇದ್ದೆ. ಕಲ್ಲು ಮುಟ್ಟಿ ಬಹಳ ಹೊತ್ತು ನಿಂತು, "ಅಮ್ಮ ಇಲ್ಲಿಲ್ಲ ಕಣೋ ವಿಲ್ಫ್" ಎಂದಳು. ಆಮೇಲೆ ಹುಲ್ಲಿನ ಕಡೆ ನೋಡಿ, "ಆದ್ರೆ ಖಾಲಿ ಇಲ್ಲ" ಎಂದಳು. ಹೂವನ್ನು ಕಲ್ಲಿನ ಬುಡಕ್ಕಿಡದೆ, ಎರಡು ಹೆಜ್ಜೆ ಆಚೆ ಬರೀ ಹುಲ್ಲಿನ ಮೇಲಿಟ್ಟಳು. ಸರಿಯಾದ ಜಾಗದಲ್ಲೇ. ನಾನು ತೋರಿಸಿರಲಿಲ್ಲ.

ಮೂವತ್ತೈದು ವರ್ಷ ಅವಳು ಬಂದು ಕೂತದ್ದು ಅಲ್ಲಿ, ಯೂ ಮರದ ಕೆಳಗೆ ಒಮ್ಮೆಯೂ ಅಲ್ಲ. ನಮ್ಮಮ್ಮನಿಗೆ ಒಂಟಿಯಾಗಿ ಮಲಗಿ ಅಭ್ಯಾಸವಾಗಿದೆ. ಡಲ್ಸಿ ಹೋದ ಮೇಲೆ ಆ ಗೋಡೆಯ ಹತ್ತಿರ ನಾನೇ ಕೂತು ನೋಡಿದೆ. ಏನೋ ತಲೆ ಎತ್ತಿ ನೋಡಿ ಮತ್ತೆ ಮಲಗಿದ ಹಾಗಾಯಿತು. ಅದು ಕಾಯುತ್ತಿರುವುದು ನನ್ನನ್ನಲ್ಲ ಹೆಸ್ಟರ್.

ನಕ್ಷೆಯೇ ತಪ್ಪು ಎಂದು ಈಗಿನ ಪಾದ್ರಿಯನ್ನು ನಾನು ನಂಬಿಸುತ್ತೇನೆ. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ. ನೀನು ಹ್ಞೂಂ ಅಂದರೆ ಸಾಕು.

ಇಂತಿ ನಿನ್ನ ಸೋದರಮಾವ,
ವಿಲ್ಫ್ರೆಡ್ ಗ್ಯಾರಡ್

ಇನ್ನೊಂದು ಮಾತು: ಗುಂಡಿ ತೋಡುವವನು ಹೊಸಬ. ಮೊಣಕೈ ಉದ್ದಕ್ಕಿಂತ ಕೆಳಗೆ ಗುದ್ದಲಿ ಹಾಕಲು ಬಿಡಬೇಡ. ಆ ಜನವರಿ ನೆಲ ಕಬ್ಬಿಣವಾಗಿತ್ತು, ನನ್ನ ಕೈಯಲ್ಲಿ ಅಷ್ಟೇ ಆದದ್ದು. ನಿನ್ನ ಅಕ್ಕ ತೀರ ಮೇಲೆಯೇ ಮಲಗಿದ್ದಾಳೆ.