ಕಾಡಿನ ಪರದೆಯ ಹಸಿರು

ಇಳಕಲ್, ೧೪-೩-೧೯೭೮, ಮಂಗಳವಾರ

ನಾಟಕ ಕಂಪನಿಗೆ ನಾನು ಬರೆಯುತ್ತಿರುವ ಕಾಡಿನ ಪರದೆ ಇವತ್ತೂ ಕೆಟ್ಟಿತು. ಮುತ್ತುಗದ ಹೂವಿನ ಕೆಂಪು, ಹೊಳೆಯ ನೀಲಿ ಸರಿ ಬಂದವು. ಎಲೆಗಳ ಹಸಿರು ಮಾತ್ರ ಹಸಿಯಿದ್ದಾಗ ಗಾಢವಾಗಿದ್ದು, ಒಣಗಿದ ಮೇಲೆ ಬೂದಿ ಬಳಿದಂತಾಯಿತು. "ಮಲೀಕಸಾಬ್ರ, ಕಾಡಿಗೆ ಬ್ಯಾಸಗಿ ಬಂದೈತಲ್ರಿ" ಎಂದರು ಕಂಪನಿ ಮಾಲೀಕರು.

ಬಣ್ಣ ಕಲಸುತ್ತಿದ್ದವಳು ನನ್ನ ಹೆಂಡತಿ ಹಜರತಬಿ. ಮುಂಗೈಗೆ ಹಚ್ಚಿಕೊಂಡು, ಊದಿ ಒಣಗಿಸಿ, "ಇನ್ನ ಚೂರ ನೀಲಿ ಬೇಕ್ರಿ" ಅನ್ನುತ್ತಿದ್ದಳು. ಇವತ್ತು ನನ್ನ ಮುಂಗೈಗೇ ಹಚ್ಚಿ ನೋಡಿದೆ. ಏನೂ ತಿಳಿಯಲಿಲ್ಲ. ಮೂವತ್ತು ವರ್ಷ ನಾನು ಹಸಿರನ್ನು ನೋಡಿದ್ದು ಅವಳ ಕೈಮೇಲೆ.

ಹೋದ ತಿಂಗಳು ಅವಳಿಗೆ ಕೊನೆಯ ಸ್ನಾನ ಮಾಡಿಸಿ ಬಂದ ನನ್ನ ತಂಗಿ ಮಾಬುಬಿ, "ಉಗುರಸಂದಿ ಹಸಿರು ಎಷ್ಟ ತಿಕ್ಕಿದ್ರೂ ಹೋಗಲಿಲ್ಲ ಭಾಯಿ" ಎಂದು ಅತ್ತಿದ್ದಳು.

ಈ ಪರದೆಗೆ ಬೇಕಾದದ್ದು ಆ ಹಸಿರು.